ಆನಂದ ತೀವಿನ ಕತ್ತಲಮನೆ

ಹುಟ್ಟಿ ಬೆಳೆದದ್ದು ಮಸ್ಕತ್ತಿನಲ್ಲಾದ್ದರಿಂದ ನನ್ನ ಪಾಲಿಗೆ ಪರದೇಶವೆಂದರೆ ಇಂಡಿಯಾ. ಅಪ್ಪ, ಅವ್ವ ಗದಗಿನವರು. ಓದಲಿಕ್ಕೆ ಚೆನ್ನೈಗೆ ಹೊರಟ ದಿನ ಮಸ್ಕತ್ತಿನ ಕನ್ನಡದವರೆಲ್ಲ ಸೇರಿ, "ಭಾಗ್ಯವಂತಿ ನೀ, ಊರಿಗೆ ಹೊಂಟಿ ನೋಡು" ಎಂದು ಹರಸಿದರು. ಯಾವ ಊರು? ಚೆನ್ನೈಯಲ್ಲಿ ಇಳಿದಾಗ ಬೋರ್ಡು ಓದಲು ಬರುತ್ತಿರಲಿಲ್ಲ, ಆಟೋದವನ ಮಾತು ತಿಳಿಯುತ್ತಿರಲಿಲ್ಲ, ರಸ್ತೆ ದಾಟುವುದನ್ನು ಹೊಸದಾಗಿ ಕಲಿಯಬೇಕಾಯಿತು. ಈಗ ರಜೆಗೆ ಮನೆಗೆ ಹೋದರೆ ಎಲ್ಲರೂ ಕಡಲದಂಡೆಯ ಬಗ್ಗೆ, ರೇಷ್ಮೆ ಸೀರೆಯ ಬಗ್ಗೆ ಕೇಳುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ ಒಂದು ದಿನದ ಸುದ್ದಿ. ಅವ್ವನಿಗೆ ಇನ್ನೂ ಹೇಳಿಲ್ಲ. ಇಲ್ಲಿ ಓದಿಯೇ ತಿಳಿಯಲಿ.

ಗಿಂಡಿ

ಕಾಲೇಜಿನಲ್ಲಿ ನನಗೆ ಇಬ್ಬರು ಗೆಳತಿಯರು. ಯಮುನಾ ಚೆನ್ನೈಯಲ್ಲೇ ಹುಟ್ಟಿದ ಕನ್ನಡದವಳು. ಅವಳ ಮುತ್ತಜ್ಜ ತಿಪಟೂರಿನಿಂದ ಕೊಬ್ಬರಿ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು. ಅವಳ ಕನ್ನಡದಲ್ಲಿ ಮೂರು ಮಾತಿಗೊಂದು ತಮಿಳು. ಇನ್ನೊಬ್ಬಳು ಸೆಲ್ವಿ, ತಿರುನೆಲ್ವೇಲಿ ಕಡೆಯವಳು. ದೆವ್ವ, ದೇವರು, ಪರೀಕ್ಷೆ ಯಾವುದಕ್ಕೂ ಹೆದರದವಳು. ಅವಳಿಗೆ ಕನ್ನಡ ಬಾರದು, ನನ್ನ ತಮಿಳು ಇನ್ನೂ ಅಂಬೆಗಾಲಿನದು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯುತ್ತದೆ.

ತಾಂಬರಂನಿಂದಾಚೆ 'ಆನಂದ ತೀವು' ಎಂಬ ಹಳೆಯ ಅಮ್ಯೂಸ್‌ಮೆಂಟ್ ಪಾರ್ಕು ಇತ್ತು. ತೀವು ಎಂದರೆ ತಮಿಳಿನಲ್ಲಿ ದ್ವೀಪ. ಅದನ್ನು ಮುಚ್ಚುತ್ತಾರಂತೆ ಎಂದು ಕೇಳಿದಾಗಿನಿಂದ ಯಮುನಾಳ ಜೀವ ನಿಲ್ಲದು. ವರ್ಷಕ್ಕೊಮ್ಮೆ ಅಂಗಡಿ ಬಾಗಿಲು ಹಾಕಿದ ದಿನ ಅವಳಪ್ಪ ಮನೆಮಂದಿಯನ್ನೆಲ್ಲ ಕರೆದೊಯ್ಯುತ್ತಿದ್ದ ಜಾಗವದು. "ಒಂದೇ ಒಂದ್ ಸಲ ನೋಡ್ಕೊಂಡ್ ಬಂದುಡೋಣ ಸ್ಮಿತಾ, ಆಮೇಲೆ ಅಲ್ಲಿ ಫ್ಲ್ಯಾಟ್ ಎದ್ದೇಳುತ್ತೆ" ಎಂದು ಗೋಗರೆದಳು.

ಗಿಂಡಿಯಲ್ಲಿ ಲೋಕಲ್ ಟ್ರೈನಿನ ಹೆಂಗಸರ ಡಬ್ಬಿ ಹತ್ತಿದೆವು. ಮಸ್ಕತ್ತಿನಲ್ಲಿ ಪಕ್ಕದ ಮನೆಯವರೂ ಬಾಗಿಲು ತಟ್ಟಿ ಒಳಗೆ ಬರುವವರಲ್ಲ. ಇಲ್ಲಿ ಎದುರಿನ ಹೆಂಗಸು ಮಡಿಲಲ್ಲಿ ಬೀನ್ಸ್ ಮುರಿಯುತ್ತಲೇ ನನ್ನ ಊರು, ಓದು, ಮದುವೆ ಎಲ್ಲ ವಿಚಾರಿಸಿದಳು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿ, ಸೆಲ್ವಿಯ ಉತ್ತರ ಕೇಳಿದ ಮೇಲೆ ಬೀನ್ಸ್ ಮುರಿಯುವ ಕೈ ನಿಂತಿತು.

"ಅದು ಇನ್ನುಂ ಇರುಕ್ಕಾ?" ಎಂದಳು. ಅದು ಇನ್ನೂ ಇದೆಯಾ ಎಂದು.

ತಾಂಬರಂ

ತಾಂಬರಂ ಸ್ಟೇಷನ್ನಿನಲ್ಲಿ ಮೊದಲ ಎಡವಟ್ಟು. ಯಮುನಾ ಪೂರ್ವದ ಕಡೆ ಇಳಿಯಬೇಕೆಂದಳು. ನಾನು ಫೋನು ನೋಡಿ ಪಶ್ಚಿಮ ಎಂದೆ. ಮೇಲ್ಸೇತುವೆಯ ನಡುವೆ ನಿಂತು ಇಬ್ಬರೂ ಕನ್ನಡದಲ್ಲಿ ಗಟ್ಟಿಯಾಗಿ ಜಗಳವಾಡಿದೆವು. ಜನ ನಮ್ಮ ಎರಡೂ ಬದಿಯಿಂದ ಹೊಳೆಯಂತೆ ಹರಿಯುತ್ತಿದ್ದರು.

"ನಿನಗೇನ್ ಗೊತ್ತೈತಿ, ನೀ ಬಂದಿದ್ದು ಸಣ್ಣಾಕಿದ್ದಾಗ" ಎಂದೆ ನಾನು.

"ರಸ್ತೆ ಎಲ್ಲಿಗೂ ಎದ್ದ್ ಹೋಗಿಲ್ಲ ತಾನೆ! ಸೀಕ್ರಂ ಬಾರೇ" ಎಂದಳು ಅವಳು. ಬೇಗ ಬಾ ಎಂದು.

ಸೆಲ್ವಿ ನಕ್ಕು ಒಬ್ಬ ಹೂವಿನವಳನ್ನು ಕೇಳಿ ದಾರಿ ತಿಳಿದುಕೊಂಡಳು. ಶೇರ್ ಆಟೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊಣಕೈ, ಚೀಲ, ಸೀರೆಯ ಸೆರಗುಗಳ ನಡುವೆ ನಾವು ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಂತೆ ಕೂತೆವು. ಕೆರೆಯ ಬಳಿಯ ತಿರುವಿನಲ್ಲಿ ಆಟೋ ನಿಂತಿತು. ಡ್ರೈವರ್ ಹಿಂದೆ ತಿರುಗಿ, "ಪಾರ್ಕಾ? ನಾಲು ಪೇರುಂ ಇಂಗೆ ಎರಂಗಿಕ್ಕುಂಗ" ಎಂದ.

ಎಣಿಕೆಯಷ್ಟು ತಮಿಳು ನನಗೆ ಬರುತ್ತಿತ್ತು. ನಾಲ್ಕೂ ಜನ ಇಲ್ಲೇ ಇಳಿಯಿರಿ ಎಂದಿದ್ದ. ಸೆಲ್ವಿ ಮೂರು ಎಂದಳು. ಅವನು ಏನೋ ಗೊಣಗಿಕೊಂಡು ಹೊರಟುಹೋದ. ಆ ತಿರುವಿನಲ್ಲಿ ಇನ್ನೂ ಕೆಲವರು ಇಳಿದು ಚದುರಿದರು. ನಾವು ಅವರತ್ತ ನೋಡಲಿಲ್ಲ.

ಗೇಟು

ಮಾರ್ಚ್ ಕೊನೆಯ ಬಿಸಿಲು. ಮಸ್ಕತ್ತಿನವಳಿಗೆ ಬಿಸಿಲು ಹೊಸದಲ್ಲ ಎಂದುಕೊಳ್ಳಬೇಡಿ. ಅಲ್ಲಿ ನಾವು ಏಸಿಯಿಂದ ಏಸಿಗೆ ಓಡುವವರು. ಇಲ್ಲಿ ಬಿಸಿಲು ಜೊತೆಯಲ್ಲೇ ನಡೆದು ಬರುತ್ತದೆ. ಕೆರೆಯ ಪಕ್ಕದ ರಸ್ತೆಯಲ್ಲಿ ನಾಯಿಗಳು ಸತ್ತಂತೆ ಬಿದ್ದಿದ್ದವು. ಒಂದಷ್ಟು ದೂರಕ್ಕೆ ಗೇಟು ಕಂಡಿತು. ಸಿಮೆಂಟಿನ ಒಬ್ಬ ಜೋಕರ್ ಬಾಯಿ ತೆರೆದು ನಿಂತಿದ್ದ. ಆ ಬಾಯೇ ಬಾಗಿಲು. ಮೇಲಿನ ಸಾಲಿನ ಹಲ್ಲುಗಳಲ್ಲಿ ಎರಡು ಉದುರಿ ಕಬ್ಬಿಣದ ಸರಳು ಹೊರಗೆ ಚಾಚಿತ್ತು.

ಟಿಕೆಟ್ ಕಿಂಡಿಯವನು ಊಟದ ಡಬ್ಬಿ ತೆರೆಯುವ ಹವಣಿಕೆಯಲ್ಲಿದ್ದ. ಯಮುನಾ, ಸೆಲ್ವಿ ಜೋಕರನ ಫೋಟೋ ತೆಗೆಯುತ್ತಿದ್ದರು. ಕಿಂಡಿಯ ಬಳಿ ನಾನೊಬ್ಬಳೇ.

"ನಾಲಾ?" ಎಂದ.

ನಾನು ಮೂರು ಬೆರಳು ತೋರಿಸಿದೆ. ಅವನು ನನ್ನ ಭುಜದಾಚೆ ಒಮ್ಮೆ ನೋಡಿ, ವಯಸ್ಸಿನ ಬಗ್ಗೆಯೋ ಏನೋ ಉದ್ದಕ್ಕೆ ಹೇಳಿದ. ತಿಳಿಯದ ಮಾತಿಗೆ ತಲೆಯಾಡಿಸುವುದು ಪರದೇಶದಲ್ಲಿ ನಾನು ಕಲಿತ ಮೊದಲ ವಿದ್ಯೆ. ತಲೆಯಾಡಿಸಿದೆ. ಮೂರು ಟಿಕೆಟ್ ಹರಿದುಕೊಟ್ಟ.

ಜಾಯಿಂಟ್ ವೀಲ್

ಮಸ್ಕತ್ತಿನಲ್ಲಿ ಏನಾದರೂ ಹಳತಾಗುವ ಮೊದಲೇ ಅದನ್ನು ತೆಗೆದು ಹೊಸದನ್ನು ನಿಲ್ಲಿಸುತ್ತಾರೆ. ಮುದಿಯಾದ ವಸ್ತುವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲೇ. ನೀರಿಲ್ಲದ ಕೊಳದಲ್ಲಿ ಹಂಸದ ದೋಣಿಗಳು ಕತ್ತು ವಾಲಿಸಿ ಕೂತಿದ್ದವು. ಪುಟ್ಟ ರೈಲಿನ ಹಳಿಗಳ ನಡುವೆ ಎಕ್ಕದ ಗಿಡ ಆಳೆತ್ತರ ಬೆಳೆದಿತ್ತು. ಜನ ಅಂದರೆ ದೂರದಲ್ಲಿ ಒಂದು ಸಂಸಾರ, ಮರದ ಕೆಳಗೆ ಒಂದು ಜೋಡಿ. ಆದರೆ ಎಲ್ಲಿಂದಲೋ ಹಾಡಿಲ್ಲದ ಬರೀ ಸಂಗೀತ ಕೇಳುತ್ತಲೇ ಇತ್ತು, ಟೇಪು ಎಳೆದಂತೆ.

ಯಮುನಾ ಮಾತ್ರ ಮಗುವಾಗಿದ್ದಳು. "ಇಲ್ಲೇ ನಮ್ಮಪ್ಪ ಐಸ್ ವಾಂಗಿ ಕೊಡ್ತಿದ್ರು! ಇಲ್ಲೇ ನಾನ್ ಬಿದ್ದಿದ್ದು!" ಐಸ್ ಕೊಡಿಸುತ್ತಿದ್ದರು ಎಂದು.

ಜಾಯಿಂಟ್ ವೀಲ್ ನಡೆಸುವವನು ನಮ್ಮನ್ನು ಕಂಡು ಬೀಡಿ ಆರಿಸಿ ಎದ್ದ. ಬಿಸಿಯಾಗಿದ್ದ ಬೆಂಚಿನ ಮೇಲೆ ಚೀಲ, ಸೆಲ್ವಿಯ ದುಪಟ್ಟಾ ಎಸೆದು, ಚಪ್ಪಲಿ ಬಿಟ್ಟು ಹತ್ತಿದೆವು. ಅವನು ತೊಟ್ಟಿಲ ಬಾಗಿಲು ಹಾಕದೆ ನಮ್ಮ ಹಿಂದೆ ನೋಡುತ್ತಾ ಸ್ವಲ್ಪ ಹೊತ್ತು ಕಾದ. ಯಾರನ್ನು ಎಂದು ಕೇಳುವ ಮೊದಲೇ ಚಿಲಕ ಜಡಿದು ಹೋದ.

ಮೇಲಿನಿಂದ ಕೆರೆ, ರೈಲು ಹಳಿ, ದೂರದ ಬಿಳಿ ಕಟ್ಟಡಗಳು ಕಂಡವು. ಎರಡನೆಯ ಸುತ್ತಿಗೆ ಕೆಳಗೆ ನೋಡಿದೆ. ನಮ್ಮ ಬೆಂಚಿನ ಬಳಿ ನೀಲಿ ಬಣ್ಣದ ಏನೋ ಒಂದು ಇತ್ತು. ಮೂರನೆಯ ಸುತ್ತಿಗೆ ಇರಲಿಲ್ಲ.

ಇಳಿದು ಬಂದಾಗ ಮೊದಲು ಸೆಲ್ವಿಯ ನಗು ನಿಂತಿತು. ಎಸೆದಿದ್ದ ದುಪಟ್ಟಾ ನಾಲ್ಕು ಮಡಿಕೆಯಾಗಿ ಚೀಲದ ಮೇಲೆ ಕೂತಿತ್ತು. ಎಲ್ಲೆಂದರಲ್ಲಿ ಬಿಟ್ಟಿದ್ದ ಚಪ್ಪಲಿಗಳು ಜೋಡಿಜೋಡಿಯಾಗಿ ಬೆಂಚಿನ ಕೆಳಗೆ, ನೆರಳಿನಲ್ಲಿ. ಮನೆಯ ಹೊಸಿಲಾಚೆ ಜೋಡಿಸುತ್ತಾರಲ್ಲ, ಹಾಗೆ.

ಚೀಲದಲ್ಲಿ ಒಂದು ವಸ್ತುವೂ ಹೋಗಿರಲಿಲ್ಲ. ಹೋಗಿದ್ದರೆ ಕಳ್ಳರೆಂದು ಸಮಾಧಾನವಾದರೂ ಆಗುತ್ತಿತ್ತು.

ಕನ್ನಡಿ ಮಂಟಪ

"ಪಾರ್ಕಿನವರು ಯಾರೋ ಇರಬೇಕು ಬಿಡು" ಎಂದಳು ಯಮುನಾ. ಆದರೆ ಮಾತಿನ ನಡುವೆ ಎರಡು ಸಲ ಹಿಂತಿರುಗಿ ನೋಡಿದಳು.

ಕನ್ನಡಿ ಮಂಟಪಕ್ಕೆ ಕಾವಲಿಲ್ಲ, ಹರಿದ ಪರದೆಯೊಂದೇ. ಒಳಗೆ ಕುಳ್ಳಾಗಿಸುವ, ಉದ್ದ ಎಳೆಯುವ, ಹೊಟ್ಟೆ ಉಬ್ಬಿಸುವ ಕನ್ನಡಿಗಳು. ಅಂಚಿನಲ್ಲೆಲ್ಲ ಪಾದರಸ ಕಪ್ಪಿಟ್ಟು ಕಾಯಿಲೆ ಬಂದಂತೆ ಕಾಣುತ್ತಿದ್ದವು. ಬೆಳಕು ಬರುತ್ತಿದ್ದದ್ದು ತಗಡಿನ ತೂತುಗಳಿಂದ ಮಾತ್ರ. ಸೆಲ್ವಿ ಒಂದರ ಮುಂದೆ ನಿಂತು ಕುಣಿದಳು. ಜಿರಾಫೆಯಂತಾದ ಯಮುನಾ ಬಿದ್ದು ಬಿದ್ದು ನಕ್ಕಳು. ನಾನೂ ನಗುತ್ತಾ ಕೊನೆಯ ಕನ್ನಡಿಗೆ ತಿರುಗಿದೆ. ಅದು ನೀರಿನಂತೆ ಅಲುಗುವ ಕನ್ನಡಿ. ಅದರಲ್ಲಿ ನಾವು ಮೂರು ಬಣ್ಣದ ಪಟ್ಟಿಗಳಾಗಿದ್ದೆವು: ನನ್ನ ಹಳದಿ, ಯಮುನಾಳ ಹಸಿರು, ಸೆಲ್ವಿಯ ಕೆಂಪು.

ಕೆಂಪಿನಾಚೆ, ಪರದೆಯ ಪಕ್ಕ, ನೀಲಿ.

ತಿರುಗಿದೆ. ಪರದೆ ಅಲ್ಲಾಡುತ್ತಿತ್ತು. ಹೊರಗೆ ಎಲೆ ಅಲ್ಲಾಡುವಷ್ಟೂ ಗಾಳಿಯಿರಲಿಲ್ಲ. ನೆಲದ ದೂಳಿನಲ್ಲಿ ನಮ್ಮ ಚಪ್ಪಲಿ ಗುರುತುಗಳ ಹಿಂದೆಯೇ ಬರಿಗಾಲಿನ ಗುರುತು ಬಾಗಿಲವರೆಗೆ ಬಂದು ವಾಪಸಾಗಿತ್ತು. ಮೂವರೂ ನೋಡಿದೆವು. ಆಗಲೇ ಹೊರಟುಬಿಡಬೇಕಿತ್ತು. ಆದರೆ ಹೆದರಿದೆನೆಂದು ಮೊದಲು ಹೇಳುವವರು ಯಾರು?

ಕತ್ತಲಮನೆ

ಭೂತ ಬಂಗಲೆ ಯಮುನಾಳ ಹಳೆಯ ಸಾಲ. ಚಿಕ್ಕಂದಿನಲ್ಲಿ ಪ್ರತಿ ಸಲ ಬಾಗಿಲಿಂದಲೇ ಅತ್ತು ಓಡಿಬಂದಿದ್ದಳಂತೆ. ಇದೇ ಕೊನೆ ಅವಕಾಶ. ನಡೆದು ಹೋಗುವ ಸುರಂಗ, ತಗಡಿನ ಗೋಡೆ, ಒಳಗೆ ಅಲ್ಲಲ್ಲಿ ಕೆಂಪು ಬಲ್ಬು. ಬಾಗಿಲ ಆಳು ನಮ್ಮನ್ನು ಬಿಟ್ಟು, ಮೊಬೈಲು ನೋಡುತ್ತಾ ಆಚೆ ಬದಿಯ ನೆರಳಿಗೆ ಹೋದ.

ಮುಂದೆ ಸೆಲ್ವಿ, ಅವಳ ಭುಜ ಹಿಡಿದು ಯಮುನಾ, ಕೊನೆಯಲ್ಲಿ ನಾನು. ಕೊನೆಯಲ್ಲಿರುವವರಿಗೆ ಬೆನ್ನೆಲ್ಲ ಕಣ್ಣು. ಎಲುಬಿನ ಗೂಡೊಂದು ಕಿರ್ ಎಂದು ಅರ್ಧ ಎದ್ದು ನಿಂತಿತು. ರಾಕ್ಷಸನ ಕೈ ಚಾಚಿ ಹಾಗೇ ಸಿಕ್ಕಿಕೊಂಡಿತು. ನಗು ಬರಬೇಕಿತ್ತು, ಬರಲಿಲ್ಲ. ಮೊದಲ ತಿರುವಿನ ನಂತರ ಬಲ್ಬುಗಳೂ ಇಲ್ಲ. ನೆಲ ಏರತೊಡಗಿತು. ಒಂದು ಮೆಟ್ಟಿಲು, ಇನ್ನೊಂದು.

"ಪಾವಟಿಗಿ ಮುರದೈತಿ ನೋಡವ್ವಾ, ಹುಷಾರ."

ವಯಸ್ಸಾದ ಹೆಂಗಸಿನ ದನಿ. ಕೂಗಿದ್ದಲ್ಲ; ಅಡಿಗೆಮನೆಯಿಂದ ಹೇಳಿದಷ್ಟು ಸಹಜ. ಪಾವಟಿಗಿ ಎಂದರೆ ನಮ್ಮ ಕಡೆ ಮೆಟ್ಟಿಲು. ಆ ಮಾತನ್ನು ನಾನು ಗದಗಿನ ಅಜ್ಜಿಯ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿದ್ದಿಲ್ಲ. ಅವ್ವನೂ ಮಸ್ಕತ್ತಿನಲ್ಲಿ ಅದನ್ನು ಮರೆತಿದ್ದಾಳೆ. ದನಿ ಬಂದದ್ದು ನನ್ನ ಹಿಂದಿನಿಂದಲ್ಲ. ಮುಂದಿನಿಂದ.

ಸೆಲ್ವಿ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟಳು. ಮೂವರೂ ಗೋಡೆಗೆ ಅಂಟಿ, ಕೈಯಿಂದ ತಡವುತ್ತಾ, ಬಲಗಡೆಯ ಅಂಚಿನಲ್ಲಿ ಒಬ್ಬೊಬ್ಬರಾಗಿ ದಾಟಿದೆವು. ನನ್ನ ಎಡಗಾಲಿನ ಪಕ್ಕ ನೆಲವೇ ಇರಲಿಲ್ಲ, ಕೆಳಗಿನಿಂದ ಬಿಸಿಗಾಳಿ ಬರುತ್ತಿತ್ತು. ಆಚೆ ಬೆಳಕಿನ ಗೆರೆ ಕಂಡದ್ದೇ ಓಡಿದೆವು.

ಹೊರಗೆ ಬಿಸಿಲು ಮುಖಕ್ಕೆ ರಾಚಿತು. ಯಮುನಾಳ ತುಟಿ ಬಿಳಿಚಿಕೊಂಡಿತ್ತು. "ಸ್ಮಿತಾ, ನೀನ್ ತಾನೆ ಹೇಳಿದ್ದು?"

"ನಾ ಅಲ್ಲ. ನೀ ಅಲ್ಲಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು. ಸೆಲ್ವಿ ನಮ್ಮಿಬ್ಬರನ್ನೂ ನೋಡಿ, "ರೆಕಾರ್ಡಿಂಗ್ ಇರುತ್ತೆ, ಇಂಥ ಕಡೆ ಎಲ್ಲ ಇರುತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಕೂದಲು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಕಟ್ಟಿದ್ದು ನಿಲ್ಲಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಪಾರ್ಕಿನ ಸಂಗೀತ ಉಸಿರು ಎಳೆದಂತೆ ಕೆಳಗಿಳಿದು ನಿಂತಿತು. ಆ ನಿಶ್ಶಬ್ದದಲ್ಲಿ ಸುರಂಗದ ಒಳಗಿನಿಂದ ಕೇಳಿತು: ಟಣ್. ಟಣ್. ತಗಡಿಗೆ ಏನೋ ತಾಗುವ ಸದ್ದು.

ಬಾಗಿಲ ಆಳು ಬಂದು ಶಟರ್ ಎಳೆಯತೊಡಗಿದ. ಊಟದ ಹೊತ್ತು. ಒಳಗೆ ಯಾರೋ ಇದ್ದಾರೆ ಎಂದು ಸೆಲ್ವಿ ಹೇಳಿದಳು.

"ಯಾರುಂ ಇಲ್ಲಮ್ಮಾ. ಮೂಣು ಪೇರು ಉಳ್ಳ ಪೋನೀಂಗ, ಮೂಣು ಪೇರು ವಂದುಟ್ಟೀಂಗ. ಎಲಿಯಾ ಇರುಕ್ಕುಂ." ಮೂವರು ಹೋದಿರಿ, ಮೂವರು ಬಂದಿರಿ, ಇಲಿಯಿರಬೇಕು ಎಂದ.

ಟಣ್.

ಅದು ಬಳೆಯ ಸದ್ದು. ಅವ್ವ ಕೋಣೆಯ ಬಾಗಿಲು ತಟ್ಟಿದಾಗ ಹಾಗೇ ಕೇಳುತ್ತದೆ. ನನಗೆ ಓಡಿಹೋಗಬೇಕೆನಿಸಿತು, ನಿಜ. ಆದರೆ ನಮ್ಮೂರ ಮಾತಾಡಿದ ಜೀವವನ್ನು, ಅದು ಯಾವುದೇ ಆಗಿರಲಿ, ಶಟರಿನ ಹಿಂದೆ ಬಿಟ್ಟು ಹೋಗುವುದು ಹೇಗೆ? "ತೆಗೀರಿ" ಎಂದು ಕನ್ನಡದಲ್ಲೇ ಚೀರಿದೆ. ಅವನಿಗೆ ಅರ್ಥವಾಗಿರಬೇಕು, ತೆಗೆದ.

ಮತ್ತೆ ಪ್ರವೇಶದ ಬಾಗಿಲಿಂದಲೇ ಹೋದೆವು, ಈ ಸಲ ಫೋನಿನ ಬೆಳಕು ಹಿಡಿದು ನಾನು ಮುಂದೆ, ಹಿಂದೆ ಆ ಆಳು, ಗೆಳತಿಯರು. ತಿರುವಿನಾಚೆ, ಏರುವ ಮೆಟ್ಟಿಲ ಬುಡದಲ್ಲಿ, ನೀಲಿ ಸೀರೆಯ ಒಬ್ಬ ಅಜ್ಜಿ ಗೋಡೆಗೆ ಒರಗಿ ಕುಕ್ಕರಿಸಿದ್ದರು. ಬರಿಗಾಲು. ಬಿಸಿಲಿಗೆ ಪಾದ ಬೊಬ್ಬೆಯೆದ್ದಿತ್ತು. ಬೆಳಕು ಬಿದ್ದದ್ದೇ ತಗಡು ತಟ್ಟುತ್ತಿದ್ದ ಕೈಯನ್ನು ನನ್ನತ್ತ ಚಾಚಿದರು.

"ಅವ್ವಾ, ಹೆದರಬ್ಯಾಡ್ರಿ, ನಾವದೀವಿ" ಎಂದೆ. ಅವರು ನನ್ನ ಬಾಯನ್ನೇ ನೋಡುತ್ತಾ, ಬಾಯಾರಿದವರು ನೀರು ನೋಡುವಂತೆ ನೋಡುತ್ತಾ, ಕೈ ಬಿಗಿ ಹಿಡಿದರು.

ಯಮುನಾ ತನ್ನ ಫೋನಿನ ಬೆಳಕನ್ನು ಮೇಲಕ್ಕೆ ತಿರುಗಿಸಿದಳು. ಮೂರನೆಯ ಮೆಟ್ಟಿಲಿನ ಹಲಗೆ ಅರ್ಧ ಮುರಿದು ಬಿದ್ದುಹೋಗಿತ್ತು. ಆಳದಲ್ಲಿ ಯಂತ್ರದ ಹಲ್ಲುಚಕ್ರಗಳು, ತುಕ್ಕಿನ ಸರಳುಗಳು. ಆಳು ಬಗ್ಗಿ ನೋಡಿ, "ಐಯೋ ಮುರುಗಾ" ಎಂದು ಅಲ್ಲೇ ಕೂತುಬಿಟ್ಟ.

ಮತ್ತೆ ತಾಂಬರಂ

ಎಳನೀರು ಕುಡಿಸಿದೆವು. ಕಾಲಿಗೆ ನೀರು ಹಾಕಿದೆವು. ಹೆಸರು ಕೇಳಿದರೆ ಮಾತಿಲ್ಲ. ಊರು ಕೇಳಿದರೆ ಮಾತಿಲ್ಲ. ಹೆದರಿ ಬಾಯಿ ಕಟ್ಟಿರಬೇಕೆಂದುಕೊಂಡೆವು. ಆದರೆ ನಾನೂ ಯಮುನಾಳೂ ಏನೇ ಮಾತಾಡಿಕೊಂಡರೂ ಮುಖ ಅರಳಿಸಿ ಕೇಳುತ್ತಿದ್ದರು, ಮಾತು ನಿಂತರೆ ಗಾಬರಿಯಾಗುತ್ತಿದ್ದರು. ಅದಕ್ಕೇ ದಾರಿಯುದ್ದಕ್ಕೂ ಇಬ್ಬರೂ ಸುಮ್ಮನೆ ಬಡಬಡಿಸಿದೆವು, ಹಾಸ್ಟೆಲಿನ ಸಾಂಬಾರಿನ ಬಗ್ಗೆ, ಪರೀಕ್ಷೆಯ ಬಗ್ಗೆ.

ಪೊಲೀಸರಿಗೆ ಒಪ್ಪಿಸೋಣವೆಂದು ಹೋದರೆ, ತಾಂಬರಂ ಸ್ಟೇಷನ್ನಿನ ಪೊಲೀಸರ ಕೋಣೆಯ ಮುಂದೆ ಗಂಡಸೊಬ್ಬರು ಬೆವರಿನಲ್ಲಿ ತೊಯ್ದು ನಿಂತಿದ್ದರು. ಪಕ್ಕದಲ್ಲಿ ಜಡೆ ಹಾಕಿದ ಪುಟ್ಟ ಹುಡುಗಿ. ಅಜ್ಜಿಯನ್ನು ಕಂಡು ಅವರು ಓಡಿಬಂದರು.

"ಅಮ್ಮಾ! ಎಲ್ಲಿ ಹೋಗ್ಬಿಟ್ಟಿದ್ರಮ್ಮಾ!" ಅಲ್ಲೇ ಅತ್ತರು. ನಂಜನಗೂಡಿನವರಂತೆ. ಕೆಲಸದ ಮೇಲೆ ಬಂದು ಮೂರು ವರ್ಷ. ಮನೆ ಸ್ಟೇಷನ್ನಿನ ಹಿಂದಿನ ಅಪಾರ್ಟ್‌ಮೆಂಟು.

"ನಮ್ಮನ್ನ ನೋಡಿ ಹಿಂದೆ ಬಂದ್ರು ಅನ್ಸುತ್ತೆ. ಬ್ರಿಜ್ ಮೇಲೆ ಕನ್ನಡ ಮಾತಾಡ್ತಿದ್ವಿ" ಎಂದಳು ಯಮುನಾ.

"ಅದೇ ಆಗಿರೋದು. ಅಪಾರ್ಟ್‌ಮೆಂಟಲ್ಲಿ ಎಲ್ಲ ತಮಿಳು. ಇವಳೂ ಮನೇಲಿ ತಮಿಳೇ." ಮಗಳ ತಲೆ ಸವರಿದರು. "ಎಲ್ಲಾದ್ರೂ ಕನ್ನಡ ಕಿವಿಗೆ ಬಿದ್ರೆ ಹೋಗಿ ಹತ್ರ ನಿಂತ್ಕೊಂಡ್ಬಿಡ್ತಾರೆ."

"ನಮ್ಮ ಜೀವ ಉಳಿಸಿದ್ದು ಅವರೇರಿ" ಎಂದೆ. "ಒಳಗ ಮೆಟ್ಟಲಾ ಮುರದಿತ್ತು. ಅವರು ಹುಷಾರ್ ಅಂತ ಹೇಳದಿದ್ರ..."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾರು ಹೇಳಿದ್ದು?"

"ನಿಮ್ಮ ತಾಯಿಯವರು."

"ಅಮ್ಮ ಹೇಳಿರಲ್ಲ" ಎಂದರು ಮೆಲ್ಲಗೆ. "ಹೋದ ವರ್ಷ ಸ್ಟ್ರೋಕ್ ಆಯ್ತು. ಆವತ್ತಿಂದ ಒಂದಕ್ಷರ ಬಂದಿಲ್ಲ. ಡಾಕ್ಟರೂ ಬರಲ್ಲ ಅಂದಿದ್ದಾರೆ."

ಹುಡುಗಿ ಅಪ್ಪನ ಅಂಗಿ ಜಗ್ಗಿ, "ಪಾಟಿ ಪೇಸಿನಾಂಗಳಾಪ್ಪಾ?" ಎಂದಳು. ಅಜ್ಜಿ ಮಾತಾಡಿದರಾ ಎಂದು. ಅಜ್ಜಿ ನನ್ನ ಕೈಯನ್ನು ಬಿಡಲಾರದೆ ಬಿಟ್ಟು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ನಡೆದುಹೋದರು.

ರೈಲು

ವಾಪಸು ಬರುವ ಡಬ್ಬಿಯಲ್ಲಿ ಜನ ಕಡಿಮೆ. ಕಿಟಕಿಯಲ್ಲಿ ಇಳಿಬಿಸಿಲು. ರೈಲು ಪಲ್ಲಾವರಂ ದಾಟಿತು.

"ಒಂದೊಂದ್ಸಲ ಹಾಗಾಗುತ್ತಂತೆ" ಎಂದಳು ಯಮುನಾ. "ಮಾತು ಹೋದವರಿಗೂ ಭಯದಲ್ಲಿ ತಟ್ಟಂತ ಬಂದ್ಬಿಡುತ್ತಂತೆ."

"ಇರಬಹುದು. ಆದ್ರ ನಂಜನಗೂಡಿನವರು ಪಾವಟಿಗಿ ಅಂತಾರೇನ?"

"ಅಂದ್ರೆ?"

"ಅವರು ಅಂದದ್ದು. ಪಾವಟಿಗಿ ಮುರದೈತಿ ನೋಡವ್ವಾ ಅಂತ."

ಯಮುನಾ ನನ್ನನ್ನೇ ನೋಡಿದಳು. "ಇಲ್ಲ ಸ್ಮಿತಾ. 'ಮೆಟ್ಲು ಮುರ್ದಿದೆ ಕಣಮ್ಮ, ನೋಡ್ಕೊಂಡ್ ಬಾ' ಅಂದ್ರು. ಸರಿಯಾಗಿ ಕೇಳಿಸ್ಕೊಂಡಿದೀನಿ. ನೀನು ನನ್ ಥರ ಮಾತಾಡಿ ಆಟ ಆಡ್ತಿದೀಯ ಅಂದ್ಕೊಂಡೆ."

ಅಜ್ಜಿ ಕೂತಿದ್ದದ್ದು ಮುರಿದ ಮೆಟ್ಟಿಲಿನ ಈಚೆ, ದನಿ ಬಂದದ್ದು ಆಚೆಯಿಂದ.

ಸೆಲ್ವಿಗೆ ನಮ್ಮ ಮಾತು ತಿಳಿಯದೆಂದು ಯಮುನಾ ತಮಿಳಿನಲ್ಲಿ ಎಲ್ಲ ವಿವರಿಸಿದಳು. ಸೆಲ್ವಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ತನಗೆ ತಾನೇ ಎಂಬಂತೆ ಹೇಳಿದಳು:

"ಏಳಾ, ಪಡಿ ಒಡಂಜಿ ಕೆಡಕ್ಕು, ಪಾತ್ತು ವಾ."

ಯಮುನಾಳ ಕೈ ನನ್ನ ಮೊಣಕೈ ಹಿಡಿಯಿತು. ಪಡಿ ಎಂದರೆ ಮೆಟ್ಟಿಲು, ಪಾತ್ತು ವಾ ಎಂದರೆ ನೋಡಿಕೊಂಡು ಬಾ. ಅಷ್ಟು ನನಗೂ ಗೊತ್ತಿತ್ತು.

"ನನಗೆ ಕೇಳಿದ್ದು ಅದು" ಎಂದಳು ಸೆಲ್ವಿ. "ಅದು ನಮ್ಮ ತಿರುನೆಲ್ವೇಲಿ ಮಾತು. ಚೆನ್ನೈಯಲ್ಲಿ ಯಾರೂ ಹುಡುಗಿಯನ್ನು 'ಏಳಾ' ಎಂದು ಕರೆಯುವುದಿಲ್ಲ. ಇಲ್ಲದಿದ್ದರೆ ನಾನು ಕಾಲು ಹಿಂದಕ್ಕೆ ತೆಗೆಯುತ್ತಿದ್ದೆನಾ?"

ಗಿಂಡಿ ಬಂತು. ಕೆಲಸ ಬಿಟ್ಟವರ ಗುಂಪು ತಳ್ಳಿಕೊಂಡು ಮುಂದೆ ಹೋಗಲು ಬಿಟ್ಟೆವು. ಆಮೇಲೆ ಮೂವರೂ ಕೈ ಹಿಡಿದುಕೊಂಡು, ಮೇಲ್ಸೇತುವೆಯ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿ ನೋಡಿ ಇಳಿದೆವು.